ಗುರುವಾರದ ಪಾಳಿ

ಕಾಲುವೆ ಸೇತುವೆಯ ಮೇಲೆ ಬಸ್ಸು ನಿಂತ ಸದ್ದಿಗೆ ಪಕೀರಮ್ಮ ತಲೆ ಎತ್ತಲಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ಬಾಗಿ ಭತ್ತದ ಸಸಿ ಹಚ್ಚುವವಳಿಗೆ ರಸ್ತೆಯ ಮೇಲಿನ ಬಸ್ಸಿನ ಉಸಾಬರಿ ಯಾಕೆ? ಆದರೆ ಮರುಗಳಿಗೆಯಲ್ಲೇ ಸೀಟಿ ಕೇಳಿಸಿತು. ಮೇಲಿಂದ ಮೇಲೆ ಊದಿದ, ಸಿಟ್ಟಿನ ಸೀಟಿ. ಸಾಲಿನಲ್ಲಿ ಪಕ್ಕಕ್ಕೇ ಇದ್ದ ಹೊನ್ನೂರಮ್ಮ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾಗಿ ನೋಡಿದಳು.

"ಪಕೀರಮ್ಮಾ, ನಿನ್ನ ಮಗ ಬೇ! ಓಡು!"

ಎಲ್ಲಿಗೆ ಓಡುವುದು? ಕೆಸರು ಕಾಲು ಹಿಡಿದಿತ್ತು. ಮಸ್ಕಿಯಿಂದ ಸಿಂಧನೂರಿಗೆ ಹೊರಟ ಬಸ್ಸಿನ ಬಾಗಿಲಲ್ಲಿ ಖಾಕಿ ಅಂಗಿಯ ಕಂಡಕ್ಟರ್ ವೀರೇಶ ನಿಂತಿದ್ದ. ಅವನ ಹಿಂದೆ ಕಿಟಕಿ ಕಿಟಕಿಯಲ್ಲೂ ಮುಖಗಳು.

"ಅವ್ವಾ! ಏಳಾಕ ಆಗವಲ್ದು ಅಂತ ಮುಂಜಾನಿ ಮಲಗಿದ್ದೆಲ್ಲ! ಇಲ್ಲೇನ್ ಮಾಡಾಕತ್ತೀ?"

"ಕಾಣವಲ್ದೇನು? ಭತ್ತ ಹಚ್ಚಾಕತ್ತೀನಿ."

"ಮೊದಲು ಮ್ಯಾಲ ಬಾ!"

"ಈ ಸಾಲು ಮುಗಿಸಿ ಬರ್ತೀನಿ. ನೀ ರೈಟ್ ಹೇಳು, ಮಂದಿಗೆ ತಡ ಆಗತೈತಿ."

ಬಸ್ಸಿಗೆ ಬಸ್ಸೇ ನಕ್ಕಿತು. ಡ್ರೈವರ್ ಹಾರ್ನ್ ಹೊಡೆದು, "ಅವ್ವ ಆರ್ಡರ್ ಮಾಡ್ಯಾಳ, ರೈಟ್ ಹೇಳಪಾ" ಅಂದ. ವೀರೇಶ ಮುಖ ಕೆಂಪಗೆ ಮಾಡಿಕೊಂಡು ಬಾಗಿಲು ಎಳೆದುಕೊಂಡ. ಪಕೀರಮ್ಮ ಮತ್ತೆ ಬಾಗಿದಳು. ರಾತ್ರಿ ಊಟಕ್ಕೆ ಕೂತಾಗ ಏನು ಕಾದಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಹೊತ್ತಿಗೆ ಅವಳ ಎದೆ ಹಗುರಾಗಿತ್ತು, ಹಲವು ತಿಂಗಳಲ್ಲಿ ಮೊದಲ ಸಲ.

ಬನ್ನಿದಿನ್ನಿಯ ಪಕೀರಮ್ಮನ ಸಂಸಾರ ನಾಲ್ಕು ಮಂದಿಯದು. ಗಂಡ ಬಸ್ಸಪ್ಪ ಹೈಸ್ಕೂಲಿನ ಜವಾನನಾಗಿದ್ದು ಈಗ ಪಿಂಚಣಿ ಪಡೆಯುತ್ತಿದ್ದ. ಮಗ ಕಂಡಕ್ಟರ್. ಸೊಸೆ ಅನುಪಮಾ ಪಂಚಾಯತಿಯ ಗ್ರಂಥಾಲಯ ನೋಡಿಕೊಳ್ಳುವವಳು. ವೀರೇಶನಿಗೆ ನೌಕರಿ ಸಿಕ್ಕ ಮೇಲೆ ಮಣ್ಣಿನ ಮನೆ ಹೋಗಿ ಸ್ಲ್ಯಾಬಿನ ಮನೆ ಬಂತು, ಒಲೆ ಹೋಗಿ ಗ್ಯಾಸ್ ಬಂತು. ಹಾಗೆಯೇ, "ಇನ್ನ ನೀ ಕೂಲಿಗೆ ಹೋಗಬಾರದು" ಎಂಬ ಮಗನ ಹುಕುಮೂ ಬಂತು. ಪಕೀರಮ್ಮ ಹಿಗ್ಗಿನಿಂದಲೇ ಒಪ್ಪಿದ್ದಳು. ಮೊದಲ ತಿಂಗಳು ಮಂಚದ ಮೇಲೆ ಕೂತು ಟೀವಿ ನೋಡಿದಳು. ಎರಡನೆಯ ತಿಂಗಳು ಮೊಣಕಾಲು ನೋವು ಬಂತು. ಆಮೇಲೆ ನಿದ್ದೆ ಹೋಯಿತು, ಊಟ ಸೇರದಾಯಿತು, ಸುಮ್ಮನೆ ಕೂತಲ್ಲೇ ಕಣ್ಣಲ್ಲಿ ನೀರು ಬರತೊಡಗಿತು. ಸಿಂಧನೂರಿನ ಡಾಕ್ಟರು ರಕ್ತ ತೆಗೆದು, ಎದೆಗೆ ವೈರು ಹಚ್ಚಿ ನೋಡಿ, ಎಲ್ಲ ನಾರ್ಮಲ್ ಇದೆ ಎಂದು ಗುಳಿಗೆ ಕೊಟ್ಟು ಕಳಿಸಿದ್ದರು.

ಅವತ್ತು ರಾತ್ರಿ ಅನುಪಮಾ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ವೀರೇಶ ರೊಟ್ಟಿ ಮುಟ್ಟಲಿಲ್ಲ.

"ಬಸ್ಸಿನ ತುಂಬ ಮಂದಿ ಮುಂದ ನನ್ನ ಮಾನ ಹರಾಜು ಹಾಕಿದೆವ್ವಾ."

"ಭತ್ತ ಹಚ್ಚಿದ್ರ ಮಾನ ಹೋಗತೈತೇನು? ನೀ ಓದಿದ್ದು ಯಾವ ರೊಕ್ಕದಾಗ?"

"ಅದಕ್ಕ ಇನ್ನ ಸಾಕು ಅನ್ನೋದು! ನನಗೇನು ಪಗಾರ ಬರಂಗಿಲ್ಲೇನು? ಮಗ ನೌಕರಿದಾರ ಆದ್ರೂ ಅವ್ವನ್ನ ಕೆಸರಿಗೆ ಇಳಸ್ಯಾನ ಅಂತ ಅಂತಾರ."

"ರೊಟ್ಟಿ ಆರಾಕತ್ತಾವ" ಅಂದ ಬಸ್ಸಪ್ಪ. ಈ ಮನೆಯ ಯಾವ ಜಗಳದಲ್ಲೂ ಅವನ ಪಾಲಿನ ಮಾತು ಅದೊಂದೇ.

"ನನಗ ಕೂಲಿ ಬ್ಯಾಡಪ್ಪ" ಪಕೀರಮ್ಮನ ದನಿ ಇಳಿಯಿತು. "ನನಗ ಮಂದಿ ಬೇಕು. ಮುಂಜಾನಿಂದ ಸಂಜೀತನಕ ಈ ಗ್ವಾಡಿ ನೋಡ್ಕೊಂತ ಕುಂದ್ರೂದು ಅಂದ್ರ ಜೀವ ಹಿಂಡಿದಂಗ ಆಗತೈತಿ. ಅಲ್ಲಿ ಹೊನ್ನೂರಮ್ಮ ಅದಾಳ, ನಗತಾಳ, ಬೈತಾಳ, ಹಾಡತಾಳ. ಹೊತ್ತು ಹೋಗಿದ್ದ ಗೊತ್ತಾಗಂಗಿಲ್ಲ."

ಆಗ ಅನುಪಮಾ ರೊಟ್ಟಿ ಬುಟ್ಟಿಯನ್ನು ಕೆಳಗಿಟ್ಟು, ಎರಡು ವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡ ಮಾತನ್ನು ಹೊರಗೆ ಹಾಕಿದಳು.

ನಾಟಿ ಶುರುವಾದರೆ ಊರಿನ ಹೆಂಗಸರು ಕೋಳಿ ಕೂಗುವ ಮೊದಲೇ ಎದ್ದು ಅಡುಗೆ ಮಾಡಿ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನಕ್ಕೆ ಆ ಅನ್ನ ಹಳಸಿರುತ್ತಿತ್ತು. ಮನೆಯಲ್ಲಿ ಉಳಿದ ಮುದುಕರು ತಣ್ಣಗಾದದ್ದನ್ನು ಒಬ್ಬೊಬ್ಬರೇ ಕೂತು ಉಣ್ಣುತ್ತಿದ್ದರು, ಇಲ್ಲವೇ ಉಣ್ಣುತ್ತಲೇ ಇರಲಿಲ್ಲ. ಗ್ರಂಥಾಲಯದ ಪಕ್ಕದಲ್ಲೇ ಸಮುದಾಯ ಭವನ ಬೀಗ ಹಾಕಿಕೊಂಡು ಬಿದ್ದಿತ್ತು. ನಾಟಿ ಮುಗಿಯುವವರೆಗೆ ಅಲ್ಲಿ ಇಡೀ ಊರಿಗೆ ಮಧ್ಯಾಹ್ನದ ಊಟ ಒಂದೇ ಒಲೆಯಲ್ಲಿ ಆಗಲಿ, ಮನೆಗಿಷ್ಟು ಅಕ್ಕಿ ಬೇಳೆ ಕೂಡಿಸೋಣ, ದಿನಕ್ಕೊಂದು ಓಣಿಯವರು ಅಡುಗೆ ಮಾಡಲಿ ಎಂದು ಅನುಪಮಾ ಗ್ರಾಮಸಭೆಯಲ್ಲಿ ಕೇಳಿದ್ದಳು. ಪಂಚಾಯತಿ ಬೀಗದ ಕೈ ಕೊಟ್ಟಿತ್ತು.

"ಸೋಮವಾರದಿಂದ ಶುರು. ಅತ್ತೀ, ನೀವೂ ಬರಬೇಕು. ಗುರುವಾರ ನಮ್ಮ ಓಣಿ ಪಾಳಿ."

"ನಮ್ಮ ಓಣಿ ಪಾಳಿ" ಎಂದು ವೀರೇಶ ತಿರುಗಿ ನುಡಿದ. "ಮಾಡ್ರಿ. ಉಣ್ಣೋರು ಯಾರು?"

ಗೋಡೆಯ ಮೇಲೆ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ ಅಕ್ಕಪಕ್ಕ ಇದ್ದ ಆ ಮನೆಯಲ್ಲಿ ಈ ಪ್ರಶ್ನೆಯನ್ನು ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಆಚೆ ಓಣಿಗಳವರು ಇವರ ಬಸ್ಸು ಹತ್ತುತ್ತಿದ್ದರು, ಇವರ ಸೊಸೆಯ ಹತ್ತಿರ ಪುಸ್ತಕ ಕೇಳಲು ಮಕ್ಕಳನ್ನು ಕಳಿಸುತ್ತಿದ್ದರು. ಇವರ ಕೈಯ ಅನ್ನ ಮಾತ್ರ ಉಂಡಿರಲಿಲ್ಲ. ಗದ್ದೆಯಲ್ಲಿ ಪಕ್ಕಪಕ್ಕ ಸಸಿ ಹಚ್ಚಿದ ಹೊನ್ನೂರಮ್ಮ ಕೂಡ ಬದುವಿನ ಮೇಲೆ ಬುತ್ತಿ ಬಿಚ್ಚುವಾಗ ನಾಲ್ಕು ಮೊಳ ಆಚೆ ಹೋಗಿ ಕೂರುತ್ತಿದ್ದಳು. ಯಾರೂ ಕೂರು ಎನ್ನುತ್ತಿರಲಿಲ್ಲ, ಏಳು ಎನ್ನುತ್ತಿರಲಿಲ್ಲ. ಅದು ಹಾಗೇ ನಡೆದುಕೊಂಡು ಬಂದಿತ್ತು.

"ನಾ ಮಾಡ್ತೀನಿ" ಅಂದಳು ಪಕೀರಮ್ಮ. "ಗುರುವಾರ ನಾ ಮುಂದ ನಿಂತು ಮಾಡ್ತೀನಿ."

"ಮಾಡು. ಆದ್ರ ಒಂದ್ ಮಾತು. ಅವರು ಉಣ್ಣಲಿಲ್ಲ ಅಂದ್ರ, ನೀ ಮತ್ತ ಆ ಭವನದ ಹೊಸ್ತಿಲ ತುಳಿಬಾರದು. ಹೊಲಕ್ಕೂ ಇಲ್ಲ. ನಮ್ಮವ್ವ ಮಾಡಿಟ್ಟ ಅನ್ನ ಬಿಟ್ಟು ಎದ್ದೋರ ನಡುವ ನಮ್ಮವ್ವ ಇರೂದು ನನಗ ಬ್ಯಾಡ."

ಅವನ ಕಣ್ಣು ತುಂಬಿತ್ತು. ಮಗನ ಸಿಟ್ಟು ಎಲ್ಲಿಂದ ಹುಟ್ಟಿದ್ದೆಂದು ಪಕೀರಮ್ಮನಿಗೆ ಗೊತ್ತು. "ಆತು" ಎಂದು ತಟ್ಟೆ ಎಳೆದುಕೊಂಡಳು.

ಸೋಮವಾರ ಊರಿಗೆ ಊರೇ ಭವನದ ಮುಂದೆ ನೆರೆದಿತ್ತು. ಹಳೆಯ ಫ್ಲೆಕ್ಸುಗಳು, ಬ್ಲೀಚಿಂಗ್ ಪೌಡರಿನ ಚೀಲಗಳು, ಮುರಿದ ಕುರ್ಚಿಗಳೆಲ್ಲ ಹೊರಗೆ ಬಿದ್ದಿದ್ದವು. ನೆಲ ತೊಳೆದು ಹೊಳೆಯುತ್ತಿತ್ತು. ಮದುವೆ ಮನೆಗಳಲ್ಲಿ ಅಡುಗೆ ಮಾಡಿ ಹೆಸರಾದ ಇಮಾಮ್‌ಸಾಬ್ ತನ್ನ ದೊಡ್ಡ ಒಲೆ ತಂದಿಟ್ಟು, ಕರೆಯದಿದ್ದರೂ ಎಲ್ಲರಿಗೂ ಹುಕುಮು ಕೊಡುತ್ತ ತಿರುಗುತ್ತಿದ್ದ. ಮೊದಲ ಪಾಳಿ ಹೊನ್ನೂರಮ್ಮನ ಓಣಿಯದು.

ಅಲ್ಲೇ ಎಡವಟ್ಟಾದದ್ದು. ಆ ಸೀಮೆಯ ಮನೆಗಳಲ್ಲಿ ಸೊಸೆ ಏನೇ ಬೇಯಿಸಲಿ, ಉಪ್ಪು ಮಾತ್ರ ಹಿರಿಯಳೇ ಹಾಕಬೇಕು. ಉಪ್ಪು ಹಾಕುವ ಕೈಯೇ ಮನೆ ನಡೆಸುವ ಕೈ. ಹೊನ್ನೂರಮ್ಮ ಬಂದು ಬೇಳೆಗೆ ಉಪ್ಪು ಹಾಕಿ ಹೋದಳು. ಅವಳು ಅತ್ತ ಹೋದ ಮೇಲೆ ಅದೇ ಓಣಿಯ ಇನ್ನೊಬ್ಬ ಅತ್ತೆ ಬಂದು, ಇದು ನನ್ನ ಕೆಲಸವಲ್ಲವೇ ಎಂಬ ಗತ್ತಿನಲ್ಲಿ ಹಾಕಿದಳು. ಅವಳ ಬೆನ್ನಿಗೇ ಮತ್ತೊಬ್ಬಳು. ಹಿರಿಯಳನ್ನು ಕೇಳುವ ಧೈರ್ಯ ಯಾವ ಸೊಸೆಗೂ ಇರಲಿಲ್ಲ.

ಪಂಕ್ತಿ ಕೂತಿತು. ಮೊದಲ ತುತ್ತು ಬಾಯಿಗಿಟ್ಟ ಇಮಾಮ್‌ಸಾಬ್ ಕಣ್ಣು ಮೇಲೆ ಮಾಡಿದ.

"ಯಾ ಅಲ್ಲಾ! ಯಾರವ್ವಾ ಇದಕ್ಕ ಉಪ್ಪು ಹಾಕಿದೋರು?"

"ನಾನು!" ಎಂದು ಮೂರು ದನಿಗಳು ಒಟ್ಟಿಗೇ ಹೆಮ್ಮೆಯಿಂದ ಎದ್ದವು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎದ್ದ ನಗೆಗೆ ಮಾಡಿನ ತಗಡಿನ ಪತ್ರಾಸಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಪಕೀರಮ್ಮ ಕಂಬ ಹಿಡಿದುಕೊಂಡು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದ ಅನುಪಮಾ, ಅತ್ತೆ ಹೀಗೆ ನಕ್ಕದ್ದನ್ನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಇನ್ನಷ್ಟು ಬೇಳೆ ಬೇಯಿಸಿ ಸಪ್ಪಗಿದ್ದುದನ್ನು ಕೂಡಿಸುವವರೆಗೆ ಯಾರೂ ಮನೆಗೆ ಹೋಗಲಿಲ್ಲ. ಇನ್ನು ಮೇಲೆ ಪಾಳಿಗೆ ಒಬ್ಬರೇ ಉಪ್ಪು ಹಾಕತಕ್ಕದ್ದು ಎಂಬ ಕಾಯಿದೆ ಅಲ್ಲೇ ಆಯಿತು.

ಮಂಗಳವಾರ ಒಂದು ಓಣಿ, ಬುಧವಾರ ಪಕೀರಮ್ಮನ ಗೆಳತಿ ಹುಸೇನ್‌ಬೀಯ ಓಣಿ. ನೋಡನೋಡುತ್ತಲೇ ಭವನಕ್ಕೆ ಜೀವ ಬಂತು. ವಳಕಮದಿನ್ನಿ ಕಡೆಯ ಗದ್ದೆಗಳಿಗೆ ಹೋದ ಗುಂಪುಗಳೂ ಮಧ್ಯಾಹ್ನ ಟ್ರ್ಯಾಕ್ಟರ್ ಹತ್ತಿ ಉಣ್ಣಲು ಬರತೊಡಗಿದವು. ಮನೆ ಮೂಲೆ ಹಿಡಿದಿದ್ದ ಮುದುಕರು ಕೋಲು ಊರಿಕೊಂಡು ಬಂದು, ಉಂಡ ಮೇಲೂ ಏಳದೆ ಚೌಕಾಬಾರ ಹಾಕಿ ಕೂತರು. ಆಶಾ ಕಾರ್ಯಕರ್ತೆ ಮನೆ ಮನೆ ತಿರುಗುವುದನ್ನು ಬಿಟ್ಟು ಅಲ್ಲೇ ಕೂತು ಬೀಪಿ ನೋಡಿದಳು. ಪಕೀರಮ್ಮ ದಿನಾ ಹೋದಳು, ಸೊಪ್ಪು ಸೋಸಿದಳು, ಮಂದಿಯ ಹರಟೆಯಲ್ಲಿ ಮುಳುಗಿದಳು. ರಾತ್ರಿ ಬಿದ್ದರೆ ಬೆಳಗಾಗುವವರೆಗೆ ನಿದ್ದೆ. ಗುಳಿಗೆಗಳು ಕಿಟಕಿಯಲ್ಲಿ ಹಾಗೇ ಉಳಿದವು.

"ಅವ್ವ ಗುಳಗಿ ನುಂಗವಲ್ಲಳು" ಅಂದ ವೀರೇಶ.

"ಅವ್ವ ನಗಾಕತ್ತಾಳ" ಅಂದಳು ಅನುಪಮಾ. "ನೋಡೀರಿಲ್ಲೋ?"

ಗುರುವಾರ ಪಕೀರಮ್ಮ ನಸುಕಿನಲ್ಲೇ ಎದ್ದು ಮಿಂದು, ಹಬ್ಬಕ್ಕೆಂದು ಇಟ್ಟಿದ್ದ ಹಸಿರು ಸೀರೆ ಉಟ್ಟಳು. ಓಣಿಯ ಐದಾರು ಹೆಂಗಸರನ್ನು ಕೂಡಿಸಿಕೊಂಡು ಭವನಕ್ಕೆ ಹೋಗಿ ಅನ್ನ, ಬದನೆಕಾಯಿ ಹಾಕಿದ ಬೇಳೆ, ಶೇಂಗಾ ಚಟ್ನಿ ಮಾಡಿದಳು. ಮೈಯೆಲ್ಲ ಪುಳಕ. ಬೇಳೆಯ ವಾಸನೆ ರಸ್ತೆಯವರೆಗೂ ಹೋಗಿತ್ತು.

ಮಧ್ಯಾಹ್ನ ಟ್ರ್ಯಾಕ್ಟರ್ ಬಂತು. ಹೆಂಗಸರು ಇಳಿದರು, ನಲ್ಲಿಯಲ್ಲಿ ಕೈಕಾಲು ತೊಳೆದರು, ಬಾಗಿಲವರೆಗೆ ಬಂದು ನಿಂತರು.

"ಅಯ್ಯ, ಇವತ್ತ ಗುರುವಾರ ಅಲ್ಲೇನ? ನನ್ನ ವಾರ ಬೇ" ಅಂದಳು ಒಬ್ಬಳು.

"ನಂದೂ ವಾರ ಐತಿ. ಒಪ್ಪತ್ತು" ಅಂದಳು ಇನ್ನೊಬ್ಬಳು.

ದೇವರ ಹೆಸರಲ್ಲಿ ವಾರಕ್ಕೊಂದು ದಿನ ಉಪವಾಸ ಹಿಡಿಯುವುದು ಆ ಕಡೆ ಇದ್ದದ್ದೇ. ಆದರೆ ಗುರುವಾರ ಹಿಡಿಯುವವರು ಬನ್ನಿದಿನ್ನಿಯಲ್ಲಿ ನಿನ್ನೆಯವರೆಗೆ ಒಬ್ಬರೋ ಇಬ್ಬರೋ. ಒಂದೇ ರಾತ್ರಿಯಲ್ಲಿ ಊರಿಗೆ ಅಷ್ಟು ಭಕ್ತಿ ಹೇಗೆ ಬಂತೋ! ಉಣ್ಣುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಮೈಮೇಲೆ ಬಾರದಂತೆ ಎಲ್ಲರೂ ಉಪವಾಸ ಇದ್ದರು. ಕೊನೆಗೆ ಹೊನ್ನೂರಮ್ಮ ಬಂದಳು. ಪಕೀರಮ್ಮ ಸೌಟು ಹಿಡಿದು ನಿಂತೇ ಇದ್ದಳು.

"ನನಗೂ ಇವತ್ತ ವಾರ" ಎಂದು ಹೊನ್ನೂರಮ್ಮ ನೆಲ ನೋಡಿ ಹೇಳಿ ಹೊರಟುಹೋದಳು. ಹೊನ್ನೂರಮ್ಮನ ಮನೆದೇವರ ವಾರ ಭಾನುವಾರವೆಂಬುದು ಪಕೀರಮ್ಮನಿಗೆ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಗೊತ್ತಿತ್ತು.

ಉಂಡವರು ಪಕೀರಮ್ಮನ ಓಣಿಯವರು, ಹುಸೇನ್‌ಬೀಯ ಓಣಿಯವರು, ಕಾಲೇಜಿಗೆ ಹೋಗುವ ನಾಲ್ಕೈದು ಹುಡುಗರು. ಇಮಾಮ್‌ಸಾಬ್ ಬೇಕೆಂದೇ ಮೂರು ಸಲ ಬೇಳೆ ಹಾಕಿಸಿಕೊಂಡು, "ಏನ್ ರುಚಿ ಆಗೇತವ್ವಾ!" ಎಂದು ರಸ್ತೆಗೆ ಕೇಳುವಂತೆ ಹೊಗಳಿದ. ಆದರೂ ಅರ್ಧಕ್ಕರ್ಧ ಅನ್ನ ಹಾಗೇ ಉಳಿಯಿತು.

ಸಂಜೆ ಡ್ಯೂಟಿ ಮುಗಿಸಿ ಬಂದ ವೀರೇಶನಿಗೆ ಅಂಗಳದಲ್ಲಿ ಅನ್ನದ ಬೋಗಾಣಿ ಕಂಡಿತು. ಟೊಪ್ಪಿಗೆ ತೆಗೆದು ಮಂಚದ ಮೇಲೆ ಒಗೆದ.

"ಹೇಳಿದ್ದಿಲ್ಲ? ನಾ ಹೇಳಿದ್ದಿಲ್ಲ?"

"ನಾಳೆ ಪಿಡಿಓ ಸಾಹೇಬರಿಗೆ ಹೇಳ್ತೀನಿ" ಎಂದು ಅನುಪಮಾ ಸಿಡಿದಳು. "ಪಂಚಾಯತಿ ಭವನದಾಗ ಹಿಂಗ ಮಾಡೂದು ಅಂದ್ರೇನು? ಕಾಯಿದೆ ಐತಿ, ಕೇಸ್ ಆಗತೈತಿ."

"ಏನಂತ ಕೇಸ್ ಮಾಡ್ತೀ? ಉಪಾಸ ಮಾಡ್ಯಾರ ಅಂತನ? ನೀನ ಅವ್ವನ್ನ ಮುಂದ ಮಾಡಿದಿ, ನೀನ ಅವಮಾನ ಮಾಡಿಸಿದಿ!"

"ನಾ ಮಾಡಿಸಿದ್ನ? ನಿಮ್ಮಂಗ ಬಾಗಲಾ ಹಾಕ್ಕೊಂಡು ಕುಂತ್ರ ಅವಮಾನ ಆಗಂಗಿಲ್ಲ, ಬರೇ ಜೀವ ಹೋಗತೈತಿ!"

"ಅನ್ನ ಕೆಡತೈತಿ, ಯಾರಿಗರ ಕೊಡ್ರಿ" ಅಂದ ಬಸ್ಸಪ್ಪ.

ಪಕೀರಮ್ಮ ಬಚ್ಚಲ ಕಲ್ಲಿನ ಹತ್ತಿರ ಕೂತು ಒಂದೊಂದೇ ಪಾತ್ರೆ ತಿಕ್ಕಿದಳು. ನೋವಾಗಿತ್ತು. ಎಲ್ಲರದ್ದಕ್ಕಿಂತ ಹೊನ್ನೂರಮ್ಮ ನೆಲ ನೋಡಿದ್ದು ಸುಡುತ್ತಿತ್ತು. ಆದರೆ ನಾಳೆಯಿಂದ ಮತ್ತೆ ಅದೇ ಮಂಚ, ಅದೇ ಗೋಡೆ ಎಂದು ನೆನೆದಾಗ ಅವಳಿಗೆ ಅಳುವುದಕ್ಕಿಂತ ಹೆಚ್ಚಾಗಿ ರೇಗಿತು. ನಾನು ಯಾಕೆ ಮಂಚಕ್ಕೆ ಹೋಗಬೇಕು? ಸುಳ್ಳು ಹೇಳಿದವರು ಅವರು.

"ವೀರೇಶಾ" ಎಂದು ಕೈ ಒರೆಸಿಕೊಂಡು ಎದ್ದಳು. "ಇನ್ನೊಂದು ಗುರುವಾರ ಕೊಡು."

"ಬ್ಯಾಡವ್ವಾ."

"ಉಣ್ಣಂಗಿಲ್ಲ ಅಂತ ಯಾರೂ ಅಂದಿಲ್ಲಲ್ಲ. ವಾರ ಅಂದಾರ. ಬಾಯಿ ಬಿಟ್ಟು ಉಣ್ಣಂಗಿಲ್ಲ ಅನ್ನಲಿ, ಅವತ್ತ ನಾನ ಬಿಡ್ತೀನಿ. ಇನ್ನೊಂದ ಗುರುವಾರ."

ಮಗ ಒಗೆದಿದ್ದ ಟೊಪ್ಪಿಗೆಯನ್ನು ಎತ್ತಿ ಗೂಟಕ್ಕೆ ಸಿಕ್ಕಿಸಿದ.

ಮರುದಿನ ಪಕೀರಮ್ಮ ಏನೂ ಆಗದವಳಂತೆ ಭವನಕ್ಕೆ ಹೋದಳು. ಬೇರೆ ಓಣಿಯವರು ಮಾಡಿದ್ದನ್ನು ಎಲ್ಲರ ಜೊತೆ ಕೂತು ಉಂಡಳು. ಅವಳು ಬಂದದ್ದು ಕೆಲವರಿಗೆ ಗಂಟಲಲ್ಲಿ ಸಿಕ್ಕಿಕೊಂಡಂತಾಯಿತು. ಹೊನ್ನೂರಮ್ಮ ಎರಡು ಸಲ ಮಾತಾಡಿಸಲು ಬಾಯಿ ತೆರೆದು, ಎರಡು ಸಲವೂ ನೀರು ಕುಡಿದಳು. ಸೊಪ್ಪು ಸೋಸುತ್ತ ಕೂತ ಹುಸೇನ್‌ಬೀ ಮೆಲ್ಲಗೆ ಕೇಳಿದಳು.

"ಮುಂದಿನ ಗುರುವಾರನೂ ಎಲ್ಲಾರಿಗೂ ವಾರ ಬಂದ್ರ ಏನ್ ಮಾಡ್ತೀ?"

"ಅದನ್ನ ವಿಚಾರ ಮಾಡಾಕತ್ತೀನಿ. ವಾರ ಹಿಡದೋರು ಏನ್ ತಿಂತಾರ ಬೇ?"

"ಹಣ್ಣು ತಿಂತಾರ, ಹಾಲು ಕುಡೀತಾರ."

ಪಕೀರಮ್ಮ ಕೈಯಲ್ಲಿದ್ದ ಸೊಪ್ಪು ಬಿಟ್ಟು ಹುಸೇನ್‌ಬೀಯ ಮುಖವನ್ನೇ ನೋಡಿದಳು. ಆಮೇಲೆ ಅವಳ ಕಿವಿಯಲ್ಲಿ ಏನೋ ಹೇಳಿದಳು. ಹುಸೇನ್‌ಬೀ ಸೆರಗು ಬಾಯಿಗೆ ತುರುಕಿಕೊಂಡು ನಕ್ಕ ನಗೆಗೆ ಚೌಕಾಬಾರದ ಮುದುಕರು ಆಟ ನಿಲ್ಲಿಸಿ ನೋಡಿದರು.

ಬುಧವಾರ ರಾತ್ರಿ ಊಟದ ಹೊತ್ತಿಗೆ ಪಕೀರಮ್ಮ ಮಗನಿಗೆ ಹೇಳಿದಳು.

"ನಾಳೆ ಸಿಂಧನೂರು ಸಂತಿಮಾಳದಾಗ ಒಂದು ಗೊನಿ ಬಾಳಿಹಣ್ಣು ತಗೊಂಡು ಮಧ್ಯಾಹ್ನದ ಟ್ರಿಪ್ಪಿಗೆ ತಂದು ಕೊಡು. ಮೋಸಂಬಿನೂ ಇರಲಿ."

"ಯಾರಿಗೆ?"

"ವಾರ ಹಿಡದೋರಿಗೆ."

ವೀರೇಶ ತಟ್ಟೆ ತಳ್ಳಿದ. "ನಿನಗೇನ್ ತಲಿ ಕೆಟ್ಟೈತೇನವ್ವಾ? ನಿನ್ನ ಅನ್ನ ಬಿಟ್ಟು ಹೋದೋರಿಗೆ ನಾ ರೊಕ್ಕಾ ಕೊಟ್ಟು ಹಣ್ಣು ತರಬೇಕ? ಕಾಲಿಗೆ ಬೀಳು ಅಂದ್ರೂ ಬೀಳಾಕಿ ನೀ!"

"ಪೂರಾ ಕೇಳೋ ಲೇ. ಬಾಳಿಹಣ್ಣು, ಮೋಸಂಬಿ, ಮತ್ತ ನಾನು ಇಲ್ಲಿ ಸಿಪ್ಪಿ ಸುದ್ದಾ ಶೇಂಗಾ ಕುದಸ್ತೀನಿ. ಮೂರರಾಗ ಏನ್ ಐತಿ ಹೇಳು?"

"ಏನ್ ಐತಿ?"

"ಸಿಪ್ಪಿ ಐತಿ."

ವೀರೇಶನಿಗೆ ಅರ್ಥವಾಗಲಿಲ್ಲ. ಅನುಪಮಾಳಿಗೆ ಆಯಿತು, ಅವಳ ಕಣ್ಣು ಅರಳಿದವು.

"ನನ್ನ ಕೈ ತಾಗಿದ್ರೂ ಒಳಗಿಂದಕ್ಕ ತಾಗಂಗಿಲ್ಲ" ಅಂದಳು ಪಕೀರಮ್ಮ, ಹಾಲು ಕುಡಿಯುವ ಮಗುವಿನಷ್ಟು ಮುಗ್ಧವಾಗಿ. "ಸಿಪ್ಪಿ ಸುಲದು ಒಗದು ಒಳಗಿಂದು ತಿನ್ನಲಿ. ಅವರಿಗೂ ತ್ರಾಸಿಲ್ಲ, ನನಗೂ ತ್ರಾಸಿಲ್ಲ. ಮೂರು ಮಾರು ದೂರ ಬ್ಯಾರೆ ಚಾಪಿ ಹಾಸ್ತೀನಿ. ಈ ಕಡೆ ಬಿಸಿ ಅನ್ನ ಇರತೈತಿ, ಬ್ಯಾಳಿ ಇರತೈತಿ. ಆ ಕಡೆ ಅವರು ಶೇಂಗಾ ಸುಲಕೊಂತ ಕುಂದರಲಿ. ನೋಡೂಣು, ಎಷ್ಟು ಸುಲೀತಾರ."

ಬಸ್ಸಪ್ಪ ಮೊದಲು ನಕ್ಕ. ಆಮೇಲೆ ವೀರೇಶ. ನಗುತ್ತ ನಗುತ್ತ ಅವನಿಗೆ ಕೆಮ್ಮು ಬಂತು. "ಯವ್ವಾ, ನೀ ಭಾಳ ಕಿಲಾಡಿ ಅದೀ! ಒಂದು ಗೊನಿ ಸಾಲಂಗಿಲ್ಲ, ಎರಡು ತರ್ತೀನಿ!" ಎಂದು ತಳ್ಳಿದ ತಟ್ಟೆಯನ್ನು ತಾನೇ ಎಳೆದುಕೊಂಡ. ಅವತ್ತು ಆ ಮನೆಯಲ್ಲಿ ರೊಟ್ಟಿ ಸಾಲದೆ ಅನುಪಮಾ ಮತ್ತೆ ಹಿಟ್ಟು ನಾದಿದಳು.

ಗುರುವಾರ ಮಧ್ಯಾಹ್ನ ಸಿಂಧನೂರಿನಿಂದ ಮಸ್ಕಿಗೆ ಹೊರಟ ಬಸ್ಸು ಬನ್ನಿದಿನ್ನಿಯಲ್ಲಿ ನಿಂತಾಗ ಮೊದಲು ಇಳಿದವು ಎರಡು ಗೊನೆ ಬಾಳೆಹಣ್ಣು. ಆಮೇಲೆ ಕಂಡಕ್ಟರ್ ಇಳಿದ. ಎಂಜಿನ್ ಬಿಸಿಯಾಗಿದೆ, ನೀರು ಹಾಕಬೇಕು ಎಂದು ಡ್ರೈವರ್ ಬಾನೆಟ್ ಎತ್ತಿದ. ಎಂಜಿನ್ ಅಷ್ಟೇನೂ ಬಿಸಿಯಾಗಿರಲಿಲ್ಲ. ಕಥೆ ಅವನಿಗೂ ಗೊತ್ತಿತ್ತು.

ಟ್ರ್ಯಾಕ್ಟರ್ ಬಂತು. ಹೆಂಗಸರು ಕೈಕಾಲು ತೊಳೆದು ಬಾಗಿಲಿಗೆ ಬಂದರು. ವಾರದ ಮಾತು ಬಾಯಿಗೆ ಬರುವ ಮೊದಲೇ ಪಕೀರಮ್ಮ ಎದುರಿಗೆ ಹೋದಳು.

"ಬರ್ರಿ ಬರ್ರಿ. ವಾರ ಹಿಡದೋರು ಆ ಕಡೆ ಚಾಪಿ ಮ್ಯಾಲ ಕುಂದರ್ರಿ. ಕೆಸರಾಗ ದುಡದು ಬಂದು ಉಪಾಸ ಹೋಗೂದು ಚಲೋ ಅಲ್ಲ. ಹಣ್ಣು ತರಿಸೀನಿ, ಶೇಂಗಾ ಕುದಿಸೀನಿ. ನೀವು ವಾರದಾಗ ಮಡಿ ಇರ್ತೀರಿ, ಅದಕ್ಕ ನೋಡ್ರಿ, ಎಲ್ಲಾ ಸಿಪ್ಪಿ ಇರೋವ ತಂದೀನಿ. ನೀವ ಸುಲಕೊಳ್ರಿ."

ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಅದನ್ನು ಹೇಳುವ ಧೈರ್ಯ ಇದ್ದಿದ್ದರೆ ವಾರ ಯಾಕೆ ಬೇಕಿತ್ತು? ಒಬ್ಬೊಬ್ಬರಾಗಿ ಹೋಗಿ ಚಾಪೆಯ ಮೇಲೆ ಕೂತರು. ಬಾಳೆಹಣ್ಣು ಹಂಚಿದ್ದಾಯಿತು, ಶೇಂಗಾ ಸುರಿದದ್ದಾಯಿತು. ಈ ಕಡೆ ಪಂಕ್ತಿಯಲ್ಲಿ ಅನ್ನದ ಹಬೆ ಏಳುತ್ತಿತ್ತು. ಹುಳಿ ಹಾಕಿದ ಬೇಳೆ, ಬೆಳ್ಳುಳ್ಳಿ ಒಗ್ಗರಣೆಯ ಘಮ ಚಾಪೆಯವರೆಗೆ ಹೋಗಿ ಅಲ್ಲೇ ನಿಂತಿತು. ಇಮಾಮ್‌ಸಾಬ್ ಸೊರ್ ಎಂದು ಸದ್ದು ಮಾಡಿ ಉಣ್ಣತೊಡಗಿದ. ವೀರೇಶ ಟೊಪ್ಪಿಗೆ ಪಕ್ಕಕ್ಕಿಟ್ಟು ಪಂಕ್ತಿಯ ಕೊನೆಗೆ ಕೂತ. ಆದರೆ ತುತ್ತು ಎತ್ತಲಿಲ್ಲ, ಅವ್ವನನ್ನೇ ನೋಡುತ್ತಿದ್ದ.

ಚಾಪೆಯ ಮೇಲೆ ಶೇಂಗಾ ಸುಲಿಯುವ ಚಟಚಟ ಸದ್ದು ಬಿಟ್ಟು ಬೇರೆ ಮಾತಿಲ್ಲ. ಹೊನ್ನೂರಮ್ಮ ಬಾಳೆಹಣ್ಣಿನ ಸಿಪ್ಪೆಯನ್ನು ಅರ್ಧಕ್ಕೆ ಸುಲಿದಳು. ಸುಲಿದ ಸಿಪ್ಪೆಯನ್ನು ನೋಡಿದಳು, ಮುಂದಿದ್ದ ಮೋಸಂಬಿ ನೋಡಿದಳು, ಶೇಂಗಾದ ಕುಪ್ಪೆ ನೋಡಿದಳು. ಅವಳ ಮುಖಕ್ಕೆ ರಕ್ತ ಏರಿತು. ಹಣ್ಣನ್ನು ಕೆಳಗಿಟ್ಟು ಎದ್ದಳು.

ಎಲ್ಲರ ಕಣ್ಣೂ ಅವಳ ಮೇಲೆ. ಬಾಗಿಲಿಗೆ ಹೋಗುತ್ತಾಳೆ ಎಂದುಕೊಂಡಳು ಪಕೀರಮ್ಮ. ಹೊನ್ನೂರಮ್ಮ ಬಾಗಿಲಿಗೆ ಹೋಗಲಿಲ್ಲ. ನೇರ ಬಂದು, ಖಾಲಿ ತಟ್ಟೆ ಎತ್ತಿಕೊಂಡು, ಅನ್ನದ ಬೋಗಾಣಿಯ ಮುಂದೆ ನಿಂತಳು.

"ಅನ್ನ ಹಾಕು."

ಪಕೀರಮ್ಮ ಸೌಟು ಎತ್ತಲಿಲ್ಲ.

"ನಿನ್ನ ವಾರ?"

"ವಾರ ಇಲ್ಲ."

"ಹೋದ ಗುರುವಾರ ಇತ್ತಲ್ಲ?"

"ಅವತ್ತೂ ಇದ್ದಿಲ್ಲ."

"ಮತ್ತ ಯಾಕ ಉಣ್ಣಲಿಲ್ಲ ಬೇ?"

ಹೊನ್ನೂರಮ್ಮ ಸುತ್ತ ನೋಡಿದಳು. ಭವನದಲ್ಲಿ ಶೇಂಗಾ ಸುಲಿಯುವ ಸದ್ದೂ ನಿಂತಿತ್ತು. "ನಿನಗ ಗೊತ್ತೈತಿ" ಎಂದು ಗೊಣಗಿದಳು.

"ನನಗ ಗೊತ್ತೈತಿ. ನಿನ್ನ ಬಾಯಿಲೆ ಕೇಳಬೇಕು. ಜೋರ ಹೇಳು, ನನ್ನ ಮಗನೂ ಕೇಳಲಿ."

ಒಂದೇ ಕೆಸರಿನಲ್ಲಿ ಒಟ್ಟಿಗೆ ಬಾಗಿ ಬಾಗಿ ಇಬ್ಬರ ಬೆನ್ನೂ ಒಂದೇ ಥರ ಬಗ್ಗಿದ್ದವು. ಇಷ್ಟು ವರ್ಷ ಈ ಮಾತನ್ನು ಅವಳೂ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

"ನಿನ್ನ ಕೈಯಾಗಿಂದು ಅಂತ ಉಣ್ಣಲಿಲ್ಲ" ಅಂದಳು ಹೊನ್ನೂರಮ್ಮ. ದನಿ ಭವನದ ಮೂಲೆ ಮೂಲೆಗೂ ಕೇಳಿತು. "ಸುಳ್ಳ ಹೇಳಿದೆ. ತಪ್ಪಾತು. ಆ ರಾತ್ರಿ ನನಗ ಮನಿ ಅನ್ನನೂ ಸೇರಲಿಲ್ಲ ಬೇ. ಈಗ ಹಸಿವಿ ಆಗೇತಿ, ಹಾಕು."

ಪಕೀರಮ್ಮ ಹಾಕಿದಳು. ಸೌಟು ತುಂಬಿ ಬಂದ ಅನ್ನ ತಟ್ಟೆಯ ಆಚೆಗೂ ಬಿತ್ತು. ಹೊನ್ನೂರಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತು, ನೆಲಕ್ಕೆ ಬಿದ್ದ ಅಗುಳನ್ನೂ ಆರಿಸಿ ತಟ್ಟೆಗೆ ಹಾಕಿಕೊಂಡು, ಬೇಳೆ ಕಲಸಿ ದೊಡ್ಡ ತುತ್ತು ಬಾಯಿಗಿಟ್ಟಳು. ಚಾಪೆಯ ಮೇಲಿಂದ ಒಬ್ಬಳು ಎದ್ದಳು, ಆಮೇಲೆ ಇಬ್ಬರು. ಮೂರ್ನಾಲ್ಕು ಮಂದಿ ಬಾಳೆಹಣ್ಣು ಮುಗಿಸಿ ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಅವರನ್ನು ಯಾರೂ ಕರೆಯಲಿಲ್ಲ. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ವೀರೇಶ ಏಳಲಿಲ್ಲ. ತಲೆ ತಗ್ಗಿಸಿ, ಕಣ್ಣಿನ ನೀರು ಅನ್ನಕ್ಕೆ ಬೀಳದ ಹಾಗೆ ಮುಖ ತಿರುಗಿಸಿ ತಿರುಗಿಸಿ ಉಣ್ಣುತ್ತಿದ್ದ.

ಹೊನ್ನೂರಮ್ಮ ತಟ್ಟೆ ಖಾಲಿ ಮಾಡಿ ಮತ್ತೆ ಮುಂದಕ್ಕೆ ಚಾಚಿದಳು.

"ಇನ್ನ ಹಾಕು."

"ಇಷ್ಟು ಉಂಡು ಗದ್ಯಾಗ ಬಗ್ಗತೀ ಹೆಂಗ ಬೇ?"

"ಬಗ್ಗತೀನಿ, ಹಾಕು" ಅಂದಳು ಹೊನ್ನೂರಮ್ಮ. "ಹೋದ ಗುರುವಾರದ್ದೂ ಇವತ್ತ ಉಣ್ತೀನಿ."